ಹೊರಡುವ ಮುನ್ನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ದೇಶ ಸುತ್ತಿ ಬಂದವರ ಅನುಭವಗಳನ್ನು ಜನರು ಆದರದಿಂದ ಕೇಳುತ್ತಾರೆ. ಆದರೆ ಹೊರಡುವ ಮುನ್ನ ಅವರು ಏನೇನು ಮಾಡಿದರು ಎಂದು ಕೇಳುವವರು ವಿರಳ. ಹಣ್ಣನ್ನು ಹೊಗಳುವವರಿಗೆ ಬೇರಿನ ನೆನಪು ಬರುವುದು ಅಪರೂಪವಷ್ಟೆ. ಪ್ರವಾಸಕ್ಕೂ ಒಂದು ಬೇರಿದೆ, ಅದೇ ಸಿದ್ಧತೆ. ರೈಲಿನಲ್ಲಿ ಹೋಗುವವನ ಸಿದ್ಧತೆಯನ್ನು ಬಹುಮಟ್ಟಿಗೆ ರೈಲ್ವೆಯವರೇ ಮಾಡಿರುತ್ತಾರೆ. ಬಸ್ಸಿನಲ್ಲಿ ಹೋಗುವವನು ಚೀಟಿ ಕೊಂಡು ಕುಳಿತರೆ ಅವನ ಕೆಲಸ ಮುಗಿಯಿತು. ಆದರೆ ಸೈಕಲ್ಲನ್ನೇರಿ ದೂರದ ಊರಿಗೆ ಹೊರಟು, ದಾರಿಯಲ್ಲಿ ಗುಡಾರ ಹೂಡಿ ರಾತ್ರಿಗಳನ್ನು ಕಳೆಯಬೇಕೆನ್ನುವವನಿಗೆ ಎಂಜಿನೂ ತಾನೇ, ಚಾಲಕನೂ ತಾನೇ, ಹಮಾಲಿಯೂ ತಾನೇ, ಅಡುಗೆಯವನೂ ತಾನೇ. ಅವನ ಪ್ರವಾಸವು ಮನೆಯ ಹೊಸ್ತಿಲನ್ನು ದಾಟುವುದಕ್ಕೆ ತಿಂಗಳುಗಳ ಮೊದಲೇ ಆರಂಭವಾಗಿರುತ್ತದೆ.

ಮೈಸೂರಿನ ನಾಲ್ವರು ಗೆಳೆಯರು ಸೈಕಲ್ಲಿನಲ್ಲಿ ಮಂಗಳೂರಿಗೆ ಹೋಗಿ ಕಡಲನ್ನು ನೋಡಬೇಕೆಂದು ಸಂಕಲ್ಪಿಸಿದರೆಂದು ಭಾವಿಸಬಹುದು. ಗೋಡೆಯ ಮೇಲಿನ ನಕ್ಷೆಯಲ್ಲಿ ಆ ದಾರಿ ಒಂದು ಗೇಣಿನಷ್ಟೂ ಇಲ್ಲ. ನೆಲದ ಮೇಲಾದರೋ ಅದು ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರುಗಳನ್ನು ಹಾದು ಸುಮಾರು 260 ಕಿಲೋಮೀಟರು ಸಾಗುತ್ತದೆ. ನಾಲ್ವರಲ್ಲಿ ಉತ್ಸಾಹಿಯಾದವನು ಥಟ್ಟನೆ ಲೆಕ್ಕ ಹಾಕುತ್ತಾನೆ: ಗಂಟೆಗೆ 15 ಕಿಲೋಮೀಟರು, ದಿನಕ್ಕೆ ಒಂಬತ್ತು ಗಂಟೆ, ಎರಡೇ ದಿನಗಳಲ್ಲಿ ಕಡಲು! ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರಲ್ಲಿ ಬೆಟ್ಟವಿಲ್ಲ, ಬಿಸಿಲಿಲ್ಲ, ಹಸಿವಿಲ್ಲ, ಬೆನ್ನ ಹಿಂದಿನ ಗಂಟುಮೂಟೆಯ ಭಾರವಿಲ್ಲ. ಹೊರೆ ಹೊತ್ತ ಸಾಧಾರಣ ಸೈಕಲ್ಲಿನಲ್ಲಿ ಹೊಸಬನು ದಿನಕ್ಕೆ 50 ಕಿಲೋಮೀಟರು ಸಾಗಿದರೆ ಅದು ಧಾರಾಳವಾಯಿತು. ಕುಶಾಲನಗರದಿಂದ ಮಡಿಕೇರಿಗೆ ಇರುವ ದೂರ ಸುಮಾರು 30 ಕಿಲೋಮೀಟರು ಮಾತ್ರ. ಆದರೆ ಅಷ್ಟರೊಳಗೆ ದಾರಿ ಸುಮಾರು 300 ಮೀಟರು ಮೇಲೇರುತ್ತದೆ. ಇಡೀ ಪ್ರವಾಸದಲ್ಲಿ ಅತ್ಯಂತ ಕಡಿಮೆ ದೂರದ ಆ ದಿನವೇ ಅತ್ಯಂತ ದೀರ್ಘವಾದ ದಿನವಾಗಬಹುದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯ ಅರ್ಥವು ಸೈಕಲ್ ಸವಾರನ ಮೊಣಕಾಲಿಗೆ ತಿಳಿಯುವಷ್ಟು ಚೆನ್ನಾಗಿ ಬೇರಾರಿಗೂ ತಿಳಿಯದು. ಆದುದರಿಂದ ವಿವೇಕಿಗಳು ಆರು ದಿನಗಳನ್ನು ಇಟ್ಟುಕೊಂಡು, ಅವಘಡಕ್ಕೆಂದು ಏಳನೆಯ ದಿನವೊಂದನ್ನು ಕೈಯಲ್ಲಿ ಉಳಿಸಿಕೊಳ್ಳುತ್ತಾರೆ.

ದಾರಿಯನ್ನು ಆರಿಸಿದ ಮೇಲೆ ಕಾಲವನ್ನು ಆರಿಸಬೇಕು. ಕೊಡಗಿನ ಮುಂಗಾರಿನೊಡನೆ ಪಂದ್ಯ ಕಟ್ಟುವುದು ಸಾಹಸವಲ್ಲ, ಅವಿವೇಕ. 2018ರ ಆಗಸ್ಟಿನಲ್ಲಿ ಮಡಿಕೇರಿಗೂ ಸಂಪಾಜೆಗೂ ನಡುವೆ, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಕುಸಿದು ಈ ಹೆದ್ದಾರಿಯೇ ಮುಚ್ಚಿಹೋಗಿತ್ತು. ಹಿಂಗಾರು ಸರಿದ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತವಾದುದು. ಆಗ ಹಗಲು ಹಿತವಾಗಿರುತ್ತದೆ. ಆದರೆ ಕೊಡಗಿನ ರಾತ್ರಿ ತಣ್ಣಗಿರುತ್ತದೆ, ಬೆಳಗಿನ ಜಾವದ ಇಬ್ಬನಿ ಗುಡಾರವನ್ನು ತೋಯಿಸುತ್ತದೆ, ಸಂಜೆ ಆರರ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಹೀಗಾಗಿ ಕಂಬಳಿಯನ್ನು ಒಯ್ಯಬೇಕು, ನಾಲ್ಕೂವರೆಗೇ ತಂಗುವ ಸ್ಥಳವನ್ನು ಹುಡುಕಿಕೊಳ್ಳಬೇಕು ಎಂಬ ಎರಡು ನಿಯಮಗಳು ಪಂಚಾಂಗದಿಂದಲೇ ಹುಟ್ಟುತ್ತವೆ.

ಇನ್ನು ವಾಹನದ ಮಾತು. ಬೆಲೆಬಾಳುವ ಹೊಸ ಸೈಕಲ್ಲು ಇದ್ದರೆ ಮಾತ್ರ ದೂರ ಹೋಗಬಹುದೆಂಬುದು ಒಂದು ಭ್ರಮೆ. ಹಾಲು ಮಾರುವವನ ಸೈಕಲ್ಲು ವರ್ಷಗಟ್ಟಲೆ ದಿನವೂ ಹೊರುವ ಭಾರವನ್ನು ಯಾವ ಪ್ರವಾಸಿಯೂ ಹೊರಿಸಲಾರನು. ಬೇಕಾದುದು ಹೊಸತನವಲ್ಲ, ಸುಸ್ಥಿತಿ. ಸವೆದ ಟೈರುಗಳನ್ನು ಬದಲಾಯಿಸಬೇಕು; ಚಕ್ರದ ಬೆಂಡು ತೆಗೆಸಿ, ಸಡಿಲವಾದ ಕಡ್ಡಿಗಳನ್ನು ಬಿಗಿಸಬೇಕು; ಸರಪಣಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಹಾಕಬೇಕು; ಸೀಟಿನ ಎತ್ತರವನ್ನು, ಪೆಡಲು ಕೆಳಗಿರುವಾಗ ಕಾಲು ಬಹುತೇಕ ನೇರವಾಗುವಂತೆ ಹೊಂದಿಸಬೇಕು. ಪಂಪು, ಸ್ಪ್ಯಾನರು, ಟೈರು ಕಳಚುವ ಸಲಾಕೆ, ಪ್ಯಾಚು, ಸೊಲ್ಯೂಷನ್ನು, ಒಂದು ಬದಲಿ ಟ್ಯೂಬು ಇವು ಕೈಚೀಲದಲ್ಲಿರಬೇಕು. ಚೀಲದಲ್ಲಿದ್ದರೆ ಸಾಲದು, ಅವುಗಳನ್ನು ಬಳಸುವ ವಿದ್ಯೆ ಕೈಯಲ್ಲಿರಬೇಕು. ಪೇಟೆಯ ಸೈಕಲ್ ಷಾಪಿನವನ ಬಳಿ ಒಂದು ವಾರ ಕುಳಿತು ಪಂಚರು ಹಾಕಲು ಕಲಿತವನು ಯಾವ ದುಬಾರಿ ಸಲಕರಣೆಗಿಂತಲೂ ಹೆಚ್ಚಿನ ಸಂಪತ್ತನ್ನು ಒಯ್ಯುತ್ತಾನೆ. ಆ ಸಂಪತ್ತಿಗೆ ತೂಕವೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ನೋಡಬೇಕಾದುದು ಬ್ರೇಕು. ಹೊಸಬರಿಗೆ ಭಯವೆಲ್ಲ ಏರಿನ ಬಗೆಗೆ. ಆದರೆ ಅಪಾಯವಿರುವುದು ಇಳಿಜಾರಿನಲ್ಲಿ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರು ಎತ್ತರದಲ್ಲಿ. ಅಲ್ಲಿಂದ ಸಂಪಾಜೆಯ ಘಾಟಿಯನ್ನಿಳಿದು, ಸುಮಾರು 50 ಕಿಲೋಮೀಟರು ದೂರದ ಸುಳ್ಯವನ್ನು ಮುಟ್ಟುವಷ್ಟರಲ್ಲಿ ಸವಾರನು ಹೆಚ್ಚುಕಡಿಮೆ ಸಾವಿರ ಮೀಟರು ಕೆಳಗಿಳಿದಿರುತ್ತಾನೆ. ಮೇಲೇರುವಾಗ ಸಾಕಾದರೆ ಇಳಿದು ನೂಕಿಕೊಂಡು ಹೋಗಬಹುದು. ಇಳಿಯುವಾಗಲಾದರೋ ಮೈಯ ಭಾರ, ಸೈಕಲ್ಲಿನ ಭಾರ, ಗಂಟಿನ ಭಾರ ಮೂರೂ ಸೇರಿ ಮುಂದಕ್ಕೆ ತಳ್ಳುತ್ತವೆ. ಅವುಗಳನ್ನೆಲ್ಲ ತಡೆಯಬೇಕಾದದ್ದು ಹೆಬ್ಬೆಟ್ಟಿನಷ್ಟು ಗಾತ್ರದ ನಾಲ್ಕು ರಬ್ಬರಿನ ತುಂಡುಗಳು. ಒಂದೇ ಸಮನೆ ಒತ್ತಿ ಹಿಡಿದರೆ ಚಕ್ರದ ರಿಮ್ಮು ಕಾಯುತ್ತದೆ, ರಬ್ಬರು ಸವೆಯುತ್ತದೆ. ಬಿಟ್ಟು ಬಿಟ್ಟು ಒತ್ತಬೇಕು. ನಡುನಡುವೆ ರಸ್ತೆಯ ಬದಿಯಲ್ಲಿ ನಿಂತು ರಿಮ್ಮು ಆರಲು ಬಿಡಬೇಕು. ತಿರುವಿನೊಳಕ್ಕೆ ನುಗ್ಗುವ ಮೊದಲೇ ವೇಗವನ್ನು ಇಳಿಸಬೇಕು. ಹೊರಡುವ ಮುನ್ನ ಹೊಸ ರಬ್ಬರು ಹಾಕಿಸಲು ತಗಲುವುದು ಅಲ್ಪ ಹಣ. ಅದನ್ನು ಉಳಿಸಿದವನು ಆ ಘಾಟಿಯಲ್ಲಿ ಪಣವಾಗಿಡುವುದು ತನ್ನ ಪ್ರಾಣವನ್ನು. ತಲೆಗೆ ಹೆಲ್ಮೆಟ್ಟು, ಸೈಕಲ್ಲಿಗೆ ಹಿಂದೆ ಮುಂದೆ ದೀಪ ಇವೂ ಇಂಥವೇ. ಇವುಗಳ ವಿಷಯದಲ್ಲಿ ಮಿತವ್ಯಯ ಸಲ್ಲದು.

ಯಂತ್ರವನ್ನು ಸಿದ್ಧಪಡಿಸಿದಂತೆ ದೇಹವನ್ನೂ ಸಿದ್ಧಪಡಿಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಪ್ರಯಾಣದ ಹಿಂದಿನ ವಾರ ಒಮ್ಮೆಲೇ ಮೈ ದಂಡಿಸುವವನು ಹೊರಡುವ ದಿನ ಹಾಸಿಗೆ ಹಿಡಿದಿರುತ್ತಾನೆ. ಎರಡು ತಿಂಗಳ ಮೊದಲು ದಿನಕ್ಕೆ ಹತ್ತು ಕಿಲೋಮೀಟರಿನಿಂದ ಆರಂಭಿಸಿ, ವಾರ ವಾರಕ್ಕೂ ಹೆಚ್ಚಿಸುತ್ತ ಹೋಗಬೇಕು. ಕೊನೆಯ ವಾರಗಳಲ್ಲಿ ಗಂಟುಮೂಟೆಯನ್ನು ಕಟ್ಟಿಕೊಂಡೇ ಅಭ್ಯಾಸ ಮಾಡಬೇಕು. ಬರಿಯ ಸೈಕಲ್ಲನ್ನು ಬಲ್ಲವನಿಗೆ ಹೊರೆ ಹೊತ್ತ ಸೈಕಲ್ಲು ಅಪರಿಚಿತ ಪ್ರಾಣಿಯಂತೆ ವರ್ತಿಸುತ್ತದೆ. ಭಾರವೆಲ್ಲ ಹಿಂದಿದ್ದರೆ ಮುಂದಿನ ಚಕ್ರ ಹಗುರವಾಗಿ ತೂರಾಡುತ್ತದೆ; ಒಂದೇ ಬದಿಗಿದ್ದರೆ ಸೈಕಲ್ಲು ಆ ಕಡೆಗೇ ವಾಲುತ್ತದೆ. ಭಾರವಾದ ವಸ್ತುಗಳನ್ನು ತಳದಲ್ಲಿ, ಎರಡು ಬದಿಗೂ ಸಮನಾಗಿ ಹಂಚಬೇಕು. ಕಟ್ಟಿದ ಹಗ್ಗದ ತುದಿ ಜೋಲಾಡಿ ಚಕ್ರಕ್ಕೆ ಸಿಕ್ಕದಂತೆ ಎಚ್ಚರ ವಹಿಸಬೇಕು.

ಏನನ್ನು ಒಯ್ಯಬೇಕು ಎಂಬ ಪ್ರಶ್ನೆಗಿಂತ ಏನನ್ನು ಬಿಡಬೇಕು ಎಂಬ ಪ್ರಶ್ನೆ ಕಠಿಣವಾದುದು. ಪ್ರವಾಸಿಯ ಗಂಟನ್ನು ಬಿಚ್ಚಿ ನೋಡಿದರೆ ಅವನ ಭಯಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. ಹಸಿವಿನ ಭಯ ಐದು ಸೇರು ಅಕ್ಕಿಯಾಗಿ ಕುಳಿತಿರುತ್ತದೆ. ಚಳಿಯ ಭಯ ಮೂರು ಕಂಬಳಿಗಳಾಗಿ, ನಾಲ್ಕು ಮಂದಿ ನಕ್ಕಾರೆಂಬ ಭಯ ಇಸ್ತ್ರಿ ಮಾಡಿದ ಆರು ಅಂಗಿಗಳಾಗಿ ಮಡಚಿಕೊಂಡಿರುತ್ತದೆ. ಇವುಗಳಲ್ಲಿ ಯಾವ ಭಯ ನಿಜವಾದುದು, ಯಾವುದು ಹುಸಿಯಾದುದು ಎಂದು ವಿವೇಚಿಸುವುದೇ ಸಿದ್ಧತೆಯ ತಿರುಳು. ಕತ್ತಲೆ, ಬಾಯಾರಿಕೆ, ಮಳೆ, ಗಾಯ ಇವು ನಿಜವಾದ ಭಯಗಳು. ಟಾರ್ಚು, ನೀರು, ಪ್ಲಾಸ್ಟಿಕ್ಕಿನ ಹಾಸು, ಔಷಧದ ಪೊಟ್ಟಣಗಳು ಅವುಗಳಿಗೆ ಉತ್ತರ. ದಾರಿಯುದ್ದಕ್ಕೂ ಅಂಗಡಿ ಹೋಟೆಲುಗಳಿರುವ ನಾಡಿನಲ್ಲಿ ಅಕ್ಕಿಯ ಮೂಟೆ ಹುಸಿಭಯದ ಮೂಟೆ. ಅವಲಕ್ಕಿ, ಹುರಿಗಡಲೆ, ಕಡಲೆಕಾಯಿ, ಬೆಲ್ಲ, ಚಟ್ನಿಪುಡಿ ಇದ್ದರೆ ಒಂದು ಹೊತ್ತಿನ ಹಸಿವನ್ನು ಎಲ್ಲಿ ಬೇಕಾದರೂ ಎದುರಿಸಬಹುದು.

ಹಿಂದಿನ ಮಹಾಯಾತ್ರಿಕರು ಈ ವಿವೇಚನೆಯಲ್ಲಿ ನಿಪುಣರಾಗಿದ್ದರು. ಥಾಮಸ್ ಸ್ಟೀವನ್ಸ್ ಎಂಬವನು 1884ರ ಏಪ್ರಿಲಿನಲ್ಲಿ ಅಮೆರಿಕದ ಪಶ್ಚಿಮ ತೀರದಿಂದ ಹೊರಟು ಆಗಸ್ಟಿನಲ್ಲಿ ಪೂರ್ವ ತೀರದ ಬಾಸ್ಟನ್ ನಗರವನ್ನು ಸೇರಿದನು. ಅವನದು ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹಳೆಯ ಮಾದರಿಯ ಸೈಕಲ್ಲು. ಅವನೊಡನೆ ಇದ್ದವು ಕಾಲುಚೀಲಗಳು, ಒಂದು ಬದಲಿ ಅಂಗಿ, ಒಂದು ಪಿಸ್ತೂಲು ಮತ್ತು ಒಂದು ಮಳೆಯಂಗಿ. ಆ ಮಳೆಯಂಗಿಯೇ ಅವನ ಗುಡಾರವೂ ಹಾಸಿಗೆಯೂ ಆಗಿತ್ತು. ಆತನು ಮುಂದೆ ಯೂರೋಪು, ಏಷ್ಯಗಳನ್ನು ಸುತ್ತುತ್ತ, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ನೆಲದ ಮೇಲೂ ಸೈಕಲ್ಲು ತುಳಿದನು. ಇಂಗ್ಲೆಂಡಿನ ಥಾಮಸ್ ಹೈರಮ್ ಹೋಲ್ಡಿಂಗ್ ವೃತ್ತಿಯಿಂದ ದರ್ಜಿ. ಸೈಕಲ್ಲಿನ ಮೇಲೆ ಒಯ್ಯಬಲ್ಲ ಹಗುರವಾದ ಗುಡಾರವನ್ನು ರೂಪಿಸಲು ಅವನ ಕಸುಬು ನೆರವಾಯಿತು. 1897ರಲ್ಲಿ ಅವನು ಐರ್ಲೆಂಡಿನ ಕನಮಾರಾ ಪ್ರದೇಶದಲ್ಲಿ ಗೆಳೆಯರೊಡನೆ ಸೈಕಲ್ಲಿನಲ್ಲಿ ಸುತ್ತಿ, ಗುಡಾರಗಳಲ್ಲಿ ತಂಗಿದನು. 1901ರಲ್ಲಿ ಸೈಕಲ್ ಶಿಬಿರಪ್ರಿಯರ ಸಂಘವೊಂದನ್ನು ಸ್ಥಾಪಿಸಿದನು. ಬಟ್ಟೆಯ ತೂಕವನ್ನು ಬಲ್ಲ ದರ್ಜಿಯೊಬ್ಬನಿಂದ ಈ ಹವ್ಯಾಸ ಬೆಳೆದುದು ಆಕಸ್ಮಿಕವಲ್ಲ. ಇಂದು ನೈಲಾನಿನ ಗುಡಾರಗಳು ಎರಡು ಮೂರು ಕಿಲೋಗ್ರಾಮಿನಷ್ಟು ಹಗುರವಾಗಿ ದೊರೆಯುತ್ತವೆ. ಮೊಬೈಲು ದಾರಿ ತೋರಿಸುತ್ತದೆ. ಆದರೆ ಕಾಡಿನ ನಡುವೆ ಅದರ ಸಂಕೇತವೂ, ಸಂಜೆಯ ವೇಳೆಗೆ ಅದರ ಬ್ಯಾಟರಿಯೂ ಕೈಕೊಡಬಹುದು. ಕಾಗದದ ನಕ್ಷೆಗೆ ಈಗಲೂ ಗಂಟಿನಲ್ಲಿ ಒಂದು ಸ್ಥಾನವಿದೆ.

ರಾತ್ರಿಯ ತಾಣವನ್ನು ಆರಿಸುವುದೂ ಒಂದು ವಿದ್ಯೆ. ಕುಶಾಲನಗರವನ್ನು ದಾಟಿದ ಮೇಲೆ ಬರುವ ಆನೆಕಾಡಿನ ಹೆಸರೇ ಅಲ್ಲಿ ತಂಗಬಾರದೆಂದು ಸಾರುತ್ತದೆ. ಅದನ್ನು ಹಗಲಿನಲ್ಲಿಯೇ ದಾಟಿಬಿಡಬೇಕು. ಅರಣ್ಯದಲ್ಲಿ ಅನುಮತಿಯಿಲ್ಲದೆ ಬಿಡಾರ ಹೂಡುವುದು ಅಪಾಯವೂ ಹೌದು, ಅಪರಾಧವೂ ಹೌದು. ಹಳ್ಳದ ಪಾತ್ರ ಎಷ್ಟೇ ಒಣಗಿದ್ದರೂ ಅದರಲ್ಲಿ ಮಲಗಬಾರದು. ಘಟ್ಟದ ಕೆಳಗೆ ತೆಂಗಿನ ಮರದ ಬುಡ ನೋಡಲು ರಮ್ಯವಾಗಿರುತ್ತದೆ. ಆದರೆ ಕಾಯಿ ಬೀಳುವಾಗ ಕೆಳಗೆ ಮಲಗಿದವನನ್ನು ಕೇಳಿ ಬೀಳುವುದಿಲ್ಲ. ಊರಿನ ಶಾಲೆಯ ಬಯಲು, ದೇವಸ್ಥಾನದ ಹೊರಾಂಗಣ, ತೋಟದ ಮನೆಯ ಅಂಗಳ ಇವು ಉತ್ತಮ ತಾಣಗಳು. ಅವುಗಳಿಗೆ ಬಾಡಿಗೆ ಬೇಡ, ಅಪ್ಪಣೆ ಬೇಕು. ತಲೆಯಿಂದ ಟೋಪಿ ತೆಗೆದು, ತಾವು ಯಾರು, ಎಲ್ಲಿಂದ ಬಂದವರು ಎಂದು ಹೇಳಿ, "ಒಂದು ರಾತ್ರಿ ಇಲ್ಲಿ ಇರಬಹುದೇ ಯಜಮಾನರೇ?" ಎಂದು ವಿನಯದಿಂದ ಕೇಳಿದವನಿಗೆ ಅಂಗಳದ ಜೊತೆಗೆ ಬಿಸಿನೀರೂ ಸಿಕ್ಕೀತು. ಬೆಳಿಗ್ಗೆ ಹೊರಡುವಾಗ ಅಲ್ಲಿ ಗೂಟದ ಗುರುತಲ್ಲದೆ ಕಸದ ಗುರುತು ಉಳಿಯಬಾರದು. ಮುಂದೆ ಬರುವ ಪ್ರವಾಸಿಗೂ ಆ ಬಾಗಿಲು ತೆರೆದಿರಬೇಕಲ್ಲವೆ?

ಇಷ್ಟೆಲ್ಲ ಸಿದ್ಧವಾದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಮಹಾಪ್ರಯಾಣಕ್ಕೆ ಮೊದಲು, ಹತ್ತಿರದ ಊರೊಂದಕ್ಕೆ ಹೋಗಿ ಒಂದು ರಾತ್ರಿ ತಂಗಿ ಬರಬೇಕು. ಗುಡಾರದ ಗೂಟ ಗಟ್ಟಿ ನೆಲಕ್ಕೆ ಇಳಿಯುವುದಿಲ್ಲವೆಂಬುದು, ಬೆಂಕಿಪೆಟ್ಟಿಗೆ ಯಾವ ಚೀಲದ ತಳದಲ್ಲಿದೆಯೆಂದು ಕತ್ತಲಲ್ಲಿ ತಿಳಿಯುವುದಿಲ್ಲವೆಂಬುದು ಆ ರಾತ್ರಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಜೊತೆಗಾರರ ಗುಣ ತಿಳಿಯುತ್ತದೆ. ನೀರು ತರಲು ಮೊದಲು ಏಳುವವನು ಯಾರು, ಹಿಂದುಳಿದವನಿಗಾಗಿ ನಿಲ್ಲುವವನು ಯಾರು, ದಣಿದಾಗ ಸಿಡುಕುವವನು ಯಾರು ಎಂಬುದನ್ನು ಶಾಲೆಯ ಬೆಂಚು ಹತ್ತು ವರ್ಷಗಳಲ್ಲಿ ತಿಳಿಸದಿದ್ದರೆ ಗುಡಾರ ಒಂದೇ ರಾತ್ರಿಯಲ್ಲಿ ತಿಳಿಸುತ್ತದೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. 1928ರ ಮಾರ್ಚಿನಲ್ಲಿ ಮುಂಬಯಿಗೆ ಮರಳಿ ಯಾತ್ರೆಯನ್ನು ಪೂರೈಸಿದವರು ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ ಎಂಬ ಮೂವರು ಮಾತ್ರ. ಆರರಲ್ಲಿ ಮೂವರು ನಡುವೆಯೇ ಬೇರೆಯಾದರೂ ಉಳಿದವರ ಯಾತ್ರೆ ನಿಲ್ಲಲಿಲ್ಲ. ಒಟ್ಟಿಗೆ ಹೊರಟವರೆಲ್ಲ ಒಟ್ಟಿಗೆ ಮುಟ್ಟಲಾರರೆಂಬ ಸಾಧ್ಯತೆಗೂ ಮನಸ್ಸನ್ನು ಮೊದಲೇ ಅಣಿಗೊಳಿಸಬೇಕು. ನಾಲ್ವರಲ್ಲಿ ಒಬ್ಬನಿಗೆ ಜ್ವರ ಬಂದರೆ ಏನು ಮಾಡಬೇಕೆಂಬುದನ್ನು ಮೈಸೂರಿನಲ್ಲಿಯೇ ನಿರ್ಣಯಿಸಿದವರು ಮಡಿಕೇರಿಯಲ್ಲಿ ಜಗಳವಾಡುವುದಿಲ್ಲ.

ಕೊನೆಯದಾಗಿ ಮನೆಯವರ ಒಪ್ಪಿಗೆ. ತಾಯಿಯ ಆತಂಕವನ್ನು ಹೇಡಿತನವೆಂದು ಹಳಿಯುವುದು ಸುಲಭ. ಆದರೆ ಎಲ್ಲಿ ತಂಗುವರು, ಯಾವಾಗ ಸುದ್ದಿ ಕಳುಹಿಸುವರು, ಘಾಟಿಯನ್ನು ಹೇಗೆ ಇಳಿಯುವರು ಎಂದು ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲಾರದವನು ಇನ್ನೂ ಸಿದ್ಧನಾಗಿಲ್ಲವೆಂದೇ ಅರ್ಥ. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಬಾಲಕಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲು, ಒಂದು ಭೂಪಟ ಪುಸ್ತಕ ಉಡುಗೊರೆಯಾಗಿ ಬಂದವು. ಸೈಕಲ್ಲಿನಲ್ಲಿಯೇ ಭಾರತಕ್ಕೆ ಹೋಗಬೇಕೆಂದು ಅವಳು ಕೆಲವೇ ದಿನಗಳಲ್ಲಿ ನಿಶ್ಚಯಿಸಿದಳು. ಆದರೆ ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆ ಅವಳ ಪಾಲಿಗೆ ಬಂದಿತು. ತಾಯಿ ತೀರಿಕೊಂಡ ಬಳಿಕ, 1963ರ ಜನವರಿಯಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ಹೊರಟಳು. ಕೆಟ್ಟ ರಸ್ತೆಗಳಲ್ಲಿ ನಿಲ್ಲಲಾರದೆಂದು ಸೈಕಲ್ಲಿನ ಗೇರನ್ನು ಕಳಚಿಸಿದಳು. ಬದಲಿ ಟೈರುಗಳನ್ನು ದಾರಿಯ ಊರುಗಳಿಗೆ ಮೊದಲೇ ಕಳುಹಿಸಿದಳು. ಆ ವರ್ಷದ ಜುಲೈ ತಿಂಗಳಲ್ಲಿ ದೆಹಲಿಯನ್ನು ಸೇರಿದಳು. ಇಪ್ಪತ್ತೊಂದು ವರ್ಷಗಳ ಆ ಕಾಯುವಿಕೆ ವ್ಯರ್ಥವಾಗಲಿಲ್ಲ. ಕರ್ತವ್ಯವನ್ನು ಪೂರೈಸಿ ಹೊರಟವಳ ಮನಸ್ಸಿನಲ್ಲಿ ಹಿಂದಕ್ಕೆ ಸೆಳೆಯುವ ಭಾರವಿರಲಿಲ್ಲ.

ಮಂಗಳೂರಿನ ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ. ಬಸ್ಸಿನಲ್ಲಿ ಹೋದವನಿಗೂ ಅದು ಅದೇ ಅಲೆಗಳನ್ನು ತೋರಿಸುತ್ತದೆ. ಆದರೆ ತನ್ನ ಪಂಚರನ್ನು ತಾನೇ ಹಾಕಿ, ತನ್ನ ಹೊರೆಯನ್ನು ತಾನೇ ತೂಗಿ, ಬೇಡವಾದುದನ್ನು ಮನೆಯಲ್ಲಿಯೇ ಬಿಟ್ಟು, ಅಪರಿಚಿತರ ಅಂಗಳದಲ್ಲಿ ಅಪ್ಪಣೆ ಕೇಳಿ ಮಲಗಿ ಬಂದವನು ಕಡಲನ್ನು ನೋಡುವ ಹೊತ್ತಿಗೆ ತನ್ನನ್ನೂ ಕೊಂಚ ನೋಡಿಕೊಂಡಿರುತ್ತಾನೆ. ಬದುಕಿಗೆ ನಿಜವಾಗಿ ಬೇಕಾದ ವಸ್ತುಗಳು ಎರಡು ಸಣ್ಣ ಚೀಲಗಳಲ್ಲಿ ಹಿಡಿಯುತ್ತವೆ ಎಂದು ಹದಿನೈದನೆಯ ವಯಸ್ಸಿನಲ್ಲಿಯೇ ಅರಿತವನಿಗೆ ಮುಂದಿನ ದಾರಿ, ಅದು ಏರಾಗಿರಲಿ ಇಳಿಜಾರಾಗಿರಲಿ, ಅಷ್ಟರಮಟ್ಟಿಗೆ ಹಗುರವಾಗುತ್ತದೆ.