ಇಬ್ಬರ ಕೆಲಸ

ಚಿನ್ನದ ಊರಿನಲ್ಲಿದ್ದುಕೊಂಡು ಚಿನ್ನ ಅಡವಿಟ್ಟು ಕಬ್ಬಿಣ ಕೊಂಡವರನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ಕೋರಮಂಡಲ್ಲಿನ ನಮ್ಮ ಮನೆಗೆ ಬನ್ನಿ. ನನ್ನ ಎರಡು ಬಳೆ ನುಂಗಿದ ಜೀಪು ಅಂಗಳದ ಬೇವಿನ ಮರದ ಕೆಳಗೆ ನಿಂತಿದೆ.

ಶ್ರೀನಿವಾಸಪುರದ ಕಡೆ ಯಾರದೋ ಮಾವಿನ ತೋಪಿನಲ್ಲಿ ವರ್ಷಗಟ್ಟಲೆ ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಮಹೀಂದ್ರ ಜೀಪು ಅದು. ಅಮೆರಿಕದ ವಿಲ್ಲಿಸ್ ಜೀಪಿನ ಮಾದರಿಯಲ್ಲಿ ನಮ್ಮ ದೇಶದಲ್ಲೇ ತಯಾರಾದ, ಬಾನೆಟ್ಟು ಎತ್ತರವಿರುವ ಪೆಟ್ರೋಲ್ ಗಾಡಿ. ಲಾರಿಯಿಂದ ಇಳಿಸಿದ ದಿನ ನೋಡಿದರೆ ಸೀಟಿನೊಳಗೆ ಇಲಿಗಳ ಸಂಸಾರ, ನೆಲದ ತಗಡಿನ ತುಂಬ ತೂತು.

"ಇದು ಗುಜರಿಯವನಿಗೂ ಬೇಡ ಕಣ್ರೀ" ಎಂದೆ.

"ಎಂಜಿನ್ ಗಟ್ಟಿಯಾಗಿದೆ" ಎಂದರು ನಮ್ಮ ಯಜಮಾನರು. ಅವರು ಅಷ್ಟು ಉತ್ಸಾಹದಿಂದ ಮಾತಾಡಿ ಬಹಳ ಕಾಲವಾಗಿತ್ತು.

ಅವರು ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದವರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ, ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿ, 2001ರ ಫೆಬ್ರವರಿ 28ರಂದು ಮುಚ್ಚಿತು. ಊರಿನ ಎಷ್ಟೋ ಗಂಡಸರ ಹಾಗೆ ಇವರೂ ಬೆಳಗಿನ ರೈಲು ಹತ್ತಿದರು. ಬಂಗಾರಪೇಟೆ ದಾಟಿ ಬೆಂಗಳೂರು. ಅಲ್ಲೊಂದು ಕಟ್ಟಡದ ಗೇಟು ಕಾಯುವ ಕೆಲಸ. ಕತ್ತಲಲ್ಲಿ ಹೋಗುವುದು, ಕತ್ತಲಲ್ಲಿ ಬರುವುದು. ಮಕ್ಕಳ ಓದು, ಅತ್ತೆಯ ಕಾಯಿಲೆ, ಮಗಳ ಮದುವೆಯ ಓಡಾಟ ಎಲ್ಲ ನನ್ನ ಪಾಲಿಗೆ. ಇಪ್ಪತ್ತು ವರ್ಷ ನಮ್ಮ ನಡುವೆ ನಡೆದ ಮಾತೆಂದರೆ "ಡಬ್ಬಿ ಕಟ್ಟಿದೀಯಾ?", "ಊಟ ಬಡಿಸಲಾ?" ಇಷ್ಟೇ. ಕೆಲಸ ಬಿಟ್ಟು ಮನೆಗೆ ಬಂದ ಮೇಲೆ, ಇಬ್ಬರೂ ದೂರದ ನೆಂಟರ ಹಾಗೆ ಎದುರುಬದುರು ಕೂತಿರುತ್ತಿದ್ದೆವು.

ಜೀಪು ಬಂದ ಮೇಲೆ ಅಂಗಳವೇ ವರ್ಕ್‌ಷಾಪ್ ಆಯಿತು. ಸ್ಪಾರ್ಕ್ ಪ್ಲಗ್ಗಿನ ತೂತುಗಳಿಗೆ ಎಣ್ಣೆ ಬಿಟ್ಟು ವಾರ ಕಾದು, ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದರು. ಬಿಗಿದುಕೊಂಡಿದ್ದ ಎಂಜಿನ್ ಒಂದಂಗುಲ ಅಲುಗಿದಾಗ ಮೊಮ್ಮಗು ನಡೆದಷ್ಟು ಸಂತೋಷ! ಟ್ಯಾಂಕಿನ ತುಕ್ಕು ತೊಳೆದರು, ಕಾರ್ಬುರೇಟರ್ ಬಿಚ್ಚಿದರು, ನೆಲಕ್ಕೆ ಹೊಸ ತಗಡು ಬೆಸೆಸಿದರು. ಬಿಚ್ಚಿದ ನಟ್ಟು ಬೋಲ್ಟು ಬೆರೆಯಬಾರದೆಂದು ನನ್ನ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿ ಇಟ್ಟರು. ಬಳೆ ಹೋದದ್ದಕ್ಕಿಂತ ಇಡ್ಲಿ ತಟ್ಟೆ ಹೋದದ್ದಕ್ಕೆ ನಾನು ಹೆಚ್ಚು ಕೂಗಾಡಿದೆ.

ಕೊನೆಗೆ ಉಳಿದದ್ದು ಬ್ರೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೊಮ್ಮೆ ಹೊಸದಾಗಬೇಕು. ಬ್ರೇಕು ಹಿಡಿಯದ ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸುವ ಹಾಗಿಲ್ಲ. ರಬ್ಬರುಗಳನ್ನೆಲ್ಲ ಬದಲಾಯಿಸಿ ಹೊಸ ಬ್ರೇಕ್ ಆಯಿಲ್ ತುಂಬಿದರೂ ಪೆಡಲ್ಲು ಹತ್ತಿಯ ಮೂಟೆಯಂತೆ ಒಳಗಿಳಿಯುತ್ತಿತ್ತು. ಪೈಪಿನೊಳಗೆ ಗಾಳಿ ಸೇರಿದೆಯಂತೆ. ಅದನ್ನು ತೆಗೆಯಲು ಒಬ್ಬರು ಮೇಲೆ ಕೂತು ತುಳಿಯಬೇಕು, ಒಬ್ಬರು ಕೆಳಗೆ ಸ್ಕ್ರೂ ಸಡಿಲಿಸಬೇಕು.

"ಒಬ್ಬನ ಕೈಯಲ್ಲಿ ಆಗಲ್ಲ ಕಣೇ. ಸ್ವಲ್ಪ ಬಾ" ಎಂದರು.

ಸೆರಗು ಸಿಕ್ಕಿಸಿ ಹತ್ತಿ ಕೂತೆ. ಅವರು ಹಿಂದಿನ ಎಡಚಕ್ರದ ಹತ್ತಿರ ಮಲಗಿದರು; ದೂರದ ಚಕ್ರದಿಂದ ಶುರು ಮಾಡಬೇಕಂತೆ. "ತುಳಿ, ತುಳಿ, ಹಿಡ್ಕೋ!" ಅವರು ಸ್ಕ್ರೂ ಸಡಿಲಿಸಿದರೆ ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಗುಳ್ಳೆಯಾಗಿ ಎಣ್ಣೆ ಹರಿದು ಬಾಟಲಿಗೆ ಬೀಳುತ್ತದೆ. ಅವರು ಬಿಗಿಮಾಡಿ "ಬಿಡು" ಎನ್ನುವವರೆಗೆ ಕಾಲು ತೆಗೆಯಬಾರದು. ತೆಗೆದರೆ ಗಾಳಿ ಮತ್ತೆ ಒಳಕ್ಕೆ.

ಮೂರನೇ ಚಕ್ರಕ್ಕೆ ಬಂದಾಗ ಕುಕ್ಕರ್ ಕೂಗಿತು. ಯೋಚಿಸದೆ ಕಾಲು ತೆಗೆದುಬಿಟ್ಟೆ.

"ಒಂದು ನಿಮಿಷ ಹಿಡ್ಕೊಳ್ಳೋಕೆ ಆಗಲ್ವಾ ನಿಂಗೆ?" ಕೆಳಗಿನಿಂದ ಗದರಿದರು.

"ಇಪ್ಪತ್ತು ವರ್ಷ ಒಬ್ಬಳೇ ಹಿಡ್ಕೊಂಡಿದ್ನಲ್ರೀ!" ನನ್ನ ಬಾಯಿಂದ ಬಂದೇಬಿಟ್ಟಿತು.

ಜೀಪಿನ ಕೆಳಗೆ ಸದ್ದಿಲ್ಲ. ಸ್ಪ್ಯಾನರ್ ಕೆಳಗಿಟ್ಟ ಶಬ್ದ ಮಾತ್ರ ಕೇಳಿತು. ಆಮೇಲೆ ಮೆಲ್ಲಗೆ, "ಗೊತ್ತು ಕಣೇ" ಎಂದರು. "ಆ ಗೇಟಿನ ಹತ್ತಿರ ಕೂತಿದ್ದಾಗ ಕೈ ಸುಮ್ಮನಿರೋದು ತಡೆಯೋಕಾಗ್ತಿರಲಿಲ್ಲ. ಮನೆಗೆ ಬಂದು ಏನಂತ ಹೇಳಲಿ?"

ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವರಿಗೆ. ಒಳ್ಳೆಯದೇ ಆಯಿತು. ನಾನು ಇಳಿದು ಹೋಗಿ ಒಲೆ ಆರಿಸಿ ಬಂದು ಕೂತೆ. "ಎಲ್ಲಿಂದ ಶುರು ಮಾಡಬೇಕು?" ಎಂದೆ.

"ಮೂರನೇದರಿಂದ."

ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ ಪೆಡಲ್ಲು ಕಲ್ಲಿನ ಹಾಗೆ ಗಟ್ಟಿಯಾಯಿತು. ಸಂಜೆ ಮನೆಯ ಮುಂದಿನ ಇಳಿಜಾರಿನಲ್ಲಿ ಬಿಟ್ಟು ನೋಡಿದೆವು. ಹೇಳಿದ ಜಾಗದಲ್ಲಿ ನಿಂತಿತು. ಪಕ್ಕದ ಮನೆಯವರು "ಯಾವ ಮೆಕ್ಯಾನಿಕ್ ಮಾಡಿದ್ದು ಸಾರ್?" ಎಂದು ಕೇಳಿದಾಗ, ಎಲ್ಲಕ್ಕೂ 'ನಾನು' ಎನ್ನುತ್ತಿದ್ದ ಇವರು, "ನಾವಿಬ್ಬರೇ" ಎಂದರು.

ಕಾಗದಪತ್ರವೂ ಸರಿಯಾದ ಮೇಲೆ ಆ ಜೀಪಿನಲ್ಲೇ ಬಂಗಾರಪೇಟೆಗೆ ಹೋಗಿದ್ದೆವು, ಬಳೆಯ ಬಡ್ಡಿ ಕಟ್ಟುವುದಕ್ಕೆ. ಬಳೆ ಇನ್ನೂ ಬಿಡಿಸಿಲ್ಲ. ಇಡ್ಲಿ ತಟ್ಟೆ ಮಾತ್ರ ಹೊಸದು ಬಂದಿದೆ.