ಬಯಲ ವಿದ್ಯೆ, ಮರೆಯ ಕೀಲಿಕೈ

ಮಾತು ಹುಟ್ಟಿದಂದೇ ಮರೆಮಾತೂ ಹುಟ್ಟಿರಬೇಕು. ಎಲ್ಲರಿಗೂ ತಿಳಿಯಲೆಂದು ನುಡಿಯುವ ಮನುಷ್ಯನೇ ಒಬ್ಬನಿಗೆ ಮಾತ್ರ ತಿಳಿಯಲೆಂದು ಬರೆಯಲೂ ಬಯಸುತ್ತಾನೆ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ವೆಂಬುದೂ ಒಂದು. ಅಕ್ಷರಗಳನ್ನು ಪಲ್ಲಟಗೊಳಿಸಿ, ಅನ್ಯರಿಗೆ ಅರ್ಥವಾಗದಂತೆ ನುಡಿಯುವ ಹಾಗೂ ಬರೆಯುವ ಜಾಣ್ಮೆಯದು. ರೋಮಿನ ಜೂಲಿಯಸ್ ಸೀಸರನು ತನ್ನ ಗುಪ್ತಪತ್ರಗಳಲ್ಲಿ ಪ್ರತಿಯೊಂದು ಅಕ್ಷರವನ್ನೂ ವರ್ಣಮಾಲೆಯಲ್ಲಿ ಮೂರು ಸ್ಥಾನ ಸರಿಸಿ ಬರೆಯುತ್ತಿದ್ದನು. ಆ ಹಳೆಯ ಕಲೆಯೇ ಇಂದು ಗಣಕಯಂತ್ರದ ಒಡಲನ್ನು ಹೊಕ್ಕು ಗೂಢಲಿಪಿಶಾಸ್ತ್ರವೆಂಬ ಮಹಾವಿದ್ಯೆಯಾಗಿ ಬೆಳೆದಿದೆ.

ಮಠದ ಪ್ರಸಾದನಿಲಯದಲ್ಲಿ ಉಂಡು, ವಚನಗಳನ್ನು ಬಾಯಿಪಾಠ ಮಾಡಿ ಬೆಳೆದ ಹಳ್ಳಿಯ ವಿದ್ಯಾರ್ಥಿಯೊಬ್ಬನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ವಿದ್ಯೆಯ ಹೊಸ್ತಿಲನ್ನು ತುಳಿದಾಗ, ಅವನಿಗೆ ದೊರೆತ ಮೊದಲ ಪಾಠ ಸೀಸರನದೇ. ಅವನು ಅದನ್ನು ಕನ್ನಡಕ್ಕೆ ಒಗ್ಗಿಸಿ ನೋಡಿದನು. ‘ಕ’ದಿಂದ ‘ಳ’ದವರೆಗಿನ 34 ವ್ಯಂಜನಗಳನ್ನು ಒಂದೊಂದು ಹೆಜ್ಜೆ ಮುಂದಕ್ಕೆ ಸರಿಸಿದರೆ ‘ಕಮಲ’ವು ‘ಖಯವ’ವಾಗುತ್ತದೆ. ಹುಡುಗನಿಗೆ ಹಿಗ್ಗೋ ಹಿಗ್ಗು! ಆದರೆ ಹೀಗೆ ಸರಿಸುವ ಬಗೆಗಳು ಕೇವಲ 33. ಒಂದೊಂದನ್ನೇ ಪರೀಕ್ಷಿಸುವ ತಾಳ್ಮೆಯಿದ್ದವನಿಗೆ ಒಂದು ಸಂಜೆಯೊಳಗೆ ಗುಟ್ಟೆಲ್ಲ ರಟ್ಟು. ಅಕ್ಷರಗಳನ್ನು ಮನಬಂದಂತೆ ಅದಲುಬದಲು ಮಾಡಿದರೂ ಉಳಿಗಾಲವಿಲ್ಲ. ಕನ್ನಡದಲ್ಲಿ ‘ದ’, ‘ನ’, ‘ರ’ಗಳು ಹೆಜ್ಜೆಹೆಜ್ಜೆಗೂ ಬರುತ್ತವೆ, ‘ಝ’ಕಾರವು ಅಪರೂಪದ ಅತಿಥಿ. ಬರಹದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬಂದಿದೆಯೆಂದು ಎಣಿಸಿದರೆ ಅದರ ನಿಜರೂಪವು ಹೊರಬೀಳುವುದೆಂದು ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿಯು 9ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು.

ಹಾಗಾದರೆ ವಿಧಾನವನ್ನೇ ಬಚ್ಚಿಡುವುದು ಲೇಸೆಂದು ವಿದ್ಯಾರ್ಥಿಗೆ ತೋರಿತು. ಶಾಸ್ತ್ರವು ಹೇಳಿದ್ದು ಇದಕ್ಕೆ ವಿರುದ್ಧ. ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾವಿದನು 1883ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟನು: ವಿಧಾನವು ಶತ್ರುವಿನ ಕೈಸೇರಿದರೂ ಹಾನಿಯಾಗಬಾರದು, ಕೀಲಿಕೈಯೊಂದು ಗೋಪ್ಯವಾಗಿದ್ದರೆ ಸಾಕು. ಬೀಗದ ರಚನೆಯನ್ನು ಊರಿಗೆಲ್ಲ ತೋರಿಸಿ, ಆ ಬಳಿಕವೂ ಅದು ಕಳ್ಳನಿಗೆ ಮಣಿಯದಿದ್ದರೆ ಅದೇ ನಿಜವಾದ ಬೀಗ. ವಿದ್ಯೆ ಬಯಲಾಗಿರಬೇಕು, ಕೀಲಿಕೈ ಮರೆಯಲ್ಲಿರಬೇಕು.

1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್‌ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೀಗ ಹಾಕಲು ಒಂದು ಕೀಲಿ, ತೆಗೆಯಲು ಇನ್ನೊಂದು. ಮೊದಲನೆಯದನ್ನು ಜಗತ್ತಿಗೇ ಹಂಚಬಹುದು ಎಂಬುದು ಅವರ ವಿಚಾರ. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅವಿಭಾಜ್ಯ ಸಂಖ್ಯೆಗಳಿಂದ ಅದನ್ನು ಸಾಧಿಸಿ ತೋರಿಸಿದರು. 89ನ್ನು 97ರಿಂದ ಗುಣಿಸಿದರೆ 8633 ಎಂದು ಶಾಲೆಯ ಬಾಲಕನೂ ಹೇಳಿಯಾನು. 8633 ಯಾವ ಎರಡರ ಗುಣಲಬ್ಧವೆಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಇಂದು ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಯಲ್ಲಿ 617 ಅಂಕಿಗಳಿರುತ್ತವೆ. ಕೂಡಿಸುವುದು ಸುಲಭ, ಬಿಡಿಸುವುದು ದುಸ್ಸಾಧ್ಯವೆಂಬ ಈ ತತ್ತ್ವದ ಮೇಲೆಯೇ ಆ ಬೀಗ ನಿಂತಿದೆ.

ಗೋಪ್ಯತೆಯಷ್ಟೇ ಈ ಶಾಸ್ತ್ರದ ಗುರಿಯಲ್ಲ. ಬಂದ ಮಾತು ಕೆಡದೆ ಬಂದಿತೇ? ಅದನ್ನು ಬರೆದವರು ನಿಜವಾಗಿ ಯಾರು? ಈ ಪ್ರಶ್ನೆಗಳು ಕನ್ನಡಿಗರಿಗೆ ಹೊಸವಲ್ಲ. ಪ್ರತಿಕಾರನ ಕೈತಪ್ಪಿ ಒಂದು ಎತ್ವ ಬಿಟ್ಟುಹೋದರೆ ‘ಬೆಲ್ಲ’ವು ‘ಬಲ್ಲ’ವಾಗುತ್ತದೆ; ಶುದ್ಧಪಾಠವನ್ನು ಅರಸಿ ವಿದ್ವಾಂಸರು ಓಲೆಗರಿಗಳ ಮುಂದೆ ವರ್ಷಗಟ್ಟಲೆ ಕುಳಿತಿದ್ದಾರೆ. ಗಣಕದಲ್ಲಿ ಗ್ರಂಥವೆಷ್ಟೇ ದೊಡ್ಡದಿರಲಿ, ಅದರಿಂದ 64 ಚಿಹ್ನೆಗಳ ಒಂದು ಮುದ್ರೆಯನ್ನು ತೆಗೆಯುವ ಕ್ರಮವುಂಟು. ಒಂದೇ ಅಕ್ಷರ ಬದಲಾದರೂ ಮುದ್ರೆಯೆಲ್ಲ ಬೇರೆಯಾಗುತ್ತದೆ. ಇನ್ನು ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿಯವರು ನೆನಪಾಗುತ್ತಾರೆ. ಆದರೆ ಅನ್ಯನೊಬ್ಬನು ತನ್ನ ಮಾತಿಗೆ ಆ ಅಂಕಿತವನ್ನು ತಗುಲಿಸಿದರೆ ಅಂಕಿತವು ತಾನಾಗಿ ತಡೆಯಲಾರದು. ಪ್ರಕ್ಷಿಪ್ತಗಳ ತೊಡಕು ಹುಟ್ಟಿದ್ದೇ ಹೀಗೆ. ಡಿಜಿಟಲ್ ಸಹಿಯು ಗ್ರಂಥದ ಮುದ್ರೆಯನ್ನೇ ಬರೆದವನ ಗುಪ್ತಕೀಲಿಯಿಂದ ಬಂಧಿಸುತ್ತದೆ. ಅವನ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಒರೆಗೆ ಹಚ್ಚಬಹುದು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಈ ಸಹಿಗೆ ಮಾನ್ಯತೆಯನ್ನಿತ್ತಿತು.

ಇಷ್ಟೆಲ್ಲವನ್ನೂ ಅರಿತು ಉತ್ಸಾಹದಿಂದ ಜಾತ್ರೆಗೆಂದು ಊರಿಗೆ ಬಂದ ವಿದ್ಯಾರ್ಥಿಗೆ ಕಾದಿದ್ದುದು ಬೇರೊಂದು ಪಾಠ. ನಿವೃತ್ತ ಶಿಕ್ಷಕರಾದ ಅಜ್ಜನ ಪಿಂಚಣಿಯ ಹಣವನ್ನು ಯಾರೋ ದೂರವಾಣಿಯಲ್ಲಿಯೇ ಲಪಟಾಯಿಸಿದ್ದರು.

“ಬ್ಯಾಂಕಿನಿಂದ ಮಾತಾಡ್ತೀವಿ ಅಂದ್ರೋ ತಮ್ಮಾ. ಮೊಬೈಲಿಗೆ ಬಂದ ನಂಬರ ಹೇಳ್ರಿ ಅಂದ್ರು, ಹೇಳಿದೆ. ಭಾರೀ ಬೀಗ ಹಾಕ್ಯಾರ ಅಂತಿದ್ದೆಲ್ಲ, ಅದನ್ನ ಮುರದವರು ಯಾರು?”

“ಯಾರೂ ಮುರದಿಲ್ಲ ಅಜ್ಜಾ. ಕೀಲಿನ ಅವರ ಕೈಯಾಗ ಹೋತು.”

ಸೈಬರ್ ವಂಚನೆಯ ದೂರಿಗಾಗಿ 1930 ಎಂಬ ಸಹಾಯವಾಣಿ ಇರುವುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂರು ದಿನ ಕಳೆದುಹೋಗಿತ್ತು, ಹಣ ಮರಳಲಿಲ್ಲ. ಸಾಲುಗಟ್ಟಲೆ ಅಂಕಿಗಳ ಕೋಟೆಯನ್ನು ಕಟ್ಟಿದವರು ಮುದುಕರೊಬ್ಬರ ನಂಬುಗೆಗೆ ಕಾವಲಿಡಲಿಲ್ಲವಲ್ಲ ಎಂದು ಹುಡುಗನು ಆ ರಾತ್ರಿ ನಿದ್ರಿಸಲಿಲ್ಲ. ಮರುದಿನ ಗುಡಿಯ ಕಟ್ಟೆಯ ಮೇಲೆ ಹಿರಿಯರನ್ನೂ ತಾಯಂದಿರನ್ನೂ ಕೂಡಿಸಿ, ಓ.ಟಿ.ಪಿ. ಎಂಬುದು ಮನೆಯ ಕೀಲಿಕೈಯಿದ್ದಂತೆ, ಕೇಳಿದವರು ಯಾರೇ ಆಗಲಿ ಅದನ್ನು ಕೊಡಬಾರದು, ಮೋಸವಾದರೆ ಆ ಕ್ಷಣವೇ 1930ಕ್ಕೆ ತಿಳಿಸಬೇಕು ಎಂದು ಮನಮುಟ್ಟುವಂತೆ ವಿವರಿಸಿದನು. ಕಾಲೇಜಿನಲ್ಲಿ ಅವನು ಬರೆದ ಯಾವ ಪರೀಕ್ಷೆಗಿಂತಲೂ ಅದು ಕಠಿನವಾಗಿತ್ತು.

ಬೀಗವನ್ನು ಕಟ್ಟಬಲ್ಲವನು ಅದನ್ನು ಬಿಚ್ಚಲೂ ಬಲ್ಲನು. ಅನುಮತಿಯಿಲ್ಲದೆ ಪರರ ಗಣಕವನ್ನು ಹೊಗುವುದು ಕಾಯಿದೆಯ ಕಣ್ಣಿನಲ್ಲಿ ತಪ್ಪು, ಶೀಲದ ಕಣ್ಣಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು. ಆದುದರಿಂದ ಈ ವಿದ್ಯೆಯನ್ನು ಅರಸುವ ತರುಣರಿಗೆ ಗಣಿತದಷ್ಟೇ ಆಚಾರವೂ ಅವಶ್ಯ. ಅನ್ನದಾಸೋಹ, ಅಕ್ಷರದಾಸೋಹಗಳ ನೆರಳಿನಲ್ಲಿ ಬೆಳೆದ ಮಕ್ಕಳು ಕಲಿತ ವಿದ್ಯೆಯನ್ನು ಹಂಚಲಿ, ನಂಬಿದವರ ಗುಟ್ಟನ್ನು ಕಾಯಲಿ. ದಾನಿಗಳ ಕಾಣಿಕೆಯೂ ಗುರುಗಳ ಶ್ರಮವೂ ಸಾರ್ಥಕವಾಗುವುದು ಅಂಥ ಮಕ್ಕಳಿಂದಲೇ.