ಹೆಗಲ ಮೇಲಿನ ಹಲಗೆ

ಮಾಸೂರಿನ ನೀರಿಗೂ ಕಡಲಿಗೂ ಬಹಳ ದೂರ. ಹುಂಚದ ಬದಿಯ ಬಿಲ್ಲೇಶ್ವರ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಗೆ ಪಡುವಣ ಕಡಲು ಕೂಗಳತೆಯಲ್ಲಿದ್ದಂತೆ. ಆದರೂ ಆಕೆ ಅದಕ್ಕೆ ಬೆನ್ನು ತಿರುಗಿಸಿ, ಶಿಕಾರಿಪುರದ ಸೀಮೆಯನ್ನು ದಾಟಿ, ಮಾಸೂರಿನ ಮದಗದ ಕೆರೆಯನ್ನು ತುಂಬಿ, ತುಂಗಭದ್ರೆಯ ಕೈಹಿಡಿದು, ಕೃಷ್ಣೆಯ ಜೊತೆಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲನ್ನು ಹುಡುಕುವ ಈ ಚಾಳಿ ಆ ನೀರನ್ನು ಕುಡಿದವರಿಗೂ ಅಂಟಿಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ. ಊರೂರು ಅಲೆದ ಸರ್ವಜ್ಞನ ತಂದೆ ಬಸವರಸ ಈ ಮಾಸೂರಿನವನೆಂದೇ ಪ್ರತೀತಿ.

ಗುಡ್ಡಗಳ ನಡುವಿನ ಆ ಕೆರೆ ವಿಜಯನಗರದ ಅರಸರ ಕಾಲದ್ದೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಧುಮುಕುವ ಅದರ ನೀರನ್ನು ನೋಡಲು ಪರಊರಿನವರು ಬರುತ್ತಾರೆ. ಊರ ಹುಡುಗರಿಗೆ ಮಾತ್ರ ಅದು ನೋಡುವ ನೀರಲ್ಲ, ಇಳಿಯುವ ನೀರು. ಹಿಂದಿನವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿತರು. ಈಗಿನವರು ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ಕಲಿಯುತ್ತಾರೆ. ಹಾಗೆ ಕಲಿತ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ತಂದೆಯ ಗೋವಿನಜೋಳದ ಹೊಲದ ಉತಾರವನ್ನು ಬ್ಯಾಂಕಿಗೆ ಒಪ್ಪಿಸಿ, ಆ ಸಾಲದ ಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ನಗರಕ್ಕೆ ಮೇಲ್ವ್ಯಾಸಂಗಕ್ಕೆಂದು ಹೋದನು.

ಆ ನಗರವೇ ಕಡಲಿನ ಅಂಚಿಗೆ ಹೊಲಿದ ಜರಿಯಂತಿದೆ. ಹತ್ತಾರು ಮೈಲಿ ಉದ್ದಕ್ಕೂ ಮರಳು. ಆ ಮರಳಿನ ಒಂದು ಭಾಗಕ್ಕೆ ‘ಸರ್ಫರ್ಸ್ ಪ್ಯಾರಡೈಸ್’, ಅಂದರೆ ಅಲೆಸವಾರರ ಸ್ವರ್ಗ ಎಂದೇ ಹೆಸರು. ಅಲ್ಲಿ ಮುಂಜಾನೆ ಎದ್ದು ನೋಡಿದರೆ ಮುದುಕರು, ಮಕ್ಕಳು, ಬ್ಯಾಂಕಿನ ಗುಮಾಸ್ತರು, ಡಾಕ್ಟರುಗಳು, ಎಲ್ಲರೂ ಆಳೆತ್ತರದ ಹಲಗೆಯನ್ನು ಕಂಕುಳಲ್ಲಿ ಅಮುಕಿಕೊಂಡು ನೀರಿನ ಕಡೆಗೆ ಓಡುತ್ತಿರುತ್ತಾರೆ. ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರನ್ನು ತಳ್ಳುತ್ತ ಒಳಗೆ ಹೋಗುವುದು. ಅಲೆ ಬೆನ್ನ ಹಿಂದೆ ಏಳುತ್ತಲೇ ಚಂಗನೆ ನಿಲ್ಲುವುದು. ನಿಂತಷ್ಟು ಹೊತ್ತು ದೊರೆ, ಬಿದ್ದರೆ ಉಪ್ಪುನೀರು. ಆಟವೆಂದರೆ ಇಷ್ಟೇ. ಇದಕ್ಕೆ ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಮೊದಲ ಬಾರಿಗೆ ಪದಕವನ್ನೂ ಕೊಟ್ಟರು.

ಈ ಆಟಕ್ಕೆ ಬೇಕಾದುದು ಹಲಗೆ ಎಂದು ಹೊಸಬರು ತಿಳಿಯುತ್ತಾರೆ. ಹಳಬರನ್ನು ಕೇಳಿದರೆ, ಕಾರು ಎನ್ನುತ್ತಾರೆ. ಅದಕ್ಕೆ ಕಾರಣವುಂಟು. ಅಲೆ ಎಂಬುದು ನೂರಾರು ಮೈಲಿ ಆಚೆ ಎಲ್ಲೋ ಎದ್ದ ಬಿರುಗಾಳಿಯ ಕೂಸು. ಭತ್ತದ ಗದ್ದೆಯ ಮೇಲೆ ಗಾಳಿ ಹಾದಾಗ ಬುಡ ಕದಲದೆ ತೆನೆಗಳ ತೂಗಾಟ ಮಾತ್ರ ಓಡುತ್ತದಲ್ಲವೆ, ಹಾಗೆ ನೀರು ಇದ್ದಲ್ಲಿಯೇ ಇದ್ದು ಅಲೆ ಮಾತ್ರ ಪ್ರಯಾಣ ಮಾಡುತ್ತದೆ. ತನ್ನ ಎತ್ತರದ ಸುಮಾರು ಒಂದೂಕಾಲು ಪಾಲಿನಷ್ಟೇ ಆಳವಿರುವಲ್ಲಿಗೆ ಬಂದಾಗ ತಳ ತಾಗಿ, ಮುಗ್ಗರಿಸಿ, ಮುರಿದು ಬೀಳುತ್ತದೆ. ಆದುದರಿಂದ ಮರಳಿನ ದಿಬ್ಬ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದರ ಮೇಲೆ ಒಂದೇ ದಿನ ಒಂದು ತೀರದಲ್ಲಿ ಒಳ್ಳೆಯ ಅಲೆ, ಮೂರು ಮೈಲಿಯಾಚೆ ಬರಿಯ ಗದ್ದಲ. ಕಾರುಳ್ಳವನು ಬೆಳಿಗ್ಗೆ ನಾಲ್ಕು ತೀರಗಳನ್ನು ಸುತ್ತಿ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಹೆಸರುವಾಸಿಯಾದ ಸ್ನ್ಯಾಪರ್ ರಾಕ್ಸ್, ಕರಂಬಿನ್ ಮುಂತಾದವೆಲ್ಲ ನಗರದ ದಕ್ಷಿಣದ ತುದಿಯಲ್ಲಿವೆ. ಕಾರಿಲ್ಲದವನಿಗೆ ಸಿಕ್ಕಿದ್ದೇ ಸೀರುಂಡೆ.

ನಮ್ಮ ಮಾಸೂರಿನವನಲ್ಲಿ ಕಾರು ಎಲ್ಲಿಂದ ಬರಬೇಕು? ವಿದ್ಯಾರ್ಥಿಯಾಗಿ ಹೋದವನು ಪಾಠದ ದಿನಗಳಲ್ಲಿ ಹದಿನೈದು ದಿವಸಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯಬಾರದೆಂದು 2023ರ ಜುಲೈಯಿಂದ ಅಲ್ಲಿನ ಸರಕಾರದ ನಿಯಮ. ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು ಆತ ಗಳಿಸುವುದು ಕೋಣೆಯ ಬಾಡಿಗೆಗೂ ಅಕ್ಕಿಬೇಳೆಗೂ ಸರಿಹೋಗುತ್ತಿದ್ದಿತು. ಆದರೆ ಅವನ ಅದೃಷ್ಟಕ್ಕೆ ಆ ಊರಿನಲ್ಲಿ ಟ್ರಾಮು ಇದ್ದಿತು. 2014ರಲ್ಲಿ ಆರಂಭವಾದ ಈ ಟ್ರಾಮು ಗ್ರಿಫಿತ್ ವಿಶ್ವವಿದ್ಯಾಲಯದ ಬಾಗಿಲನ್ನು ಮುಟ್ಟಿಕೊಂಡು ಕಡಲ ದಂಡೆಗೆ ಬರುತ್ತದೆ. ಅದರೊಳಗೆ ಅಲೆಸವಾರರ ಹಲಗೆಗಳನ್ನು ನಿಲ್ಲಿಸಲು ಚೌಕಟ್ಟುಗಳನ್ನು ಮಾಡಿರುವರೆಂದರೆ ಆ ಊರಿನವರ ಮರ್ಜಿ ಎಂತಹದೆಂದು ವಾಚಕರೇ ಊಹಿಸಬಹುದು. 2024ರ ಆಗಸ್ಟಿನಿಂದ ಕ್ವೀನ್ಸ್‌ಲೆಂಡ್ ಪ್ರಾಂತದ ಬಸ್ಸು, ರೈಲು, ಟ್ರಾಮುಗಳಲ್ಲೆಲ್ಲ ಒಂದು ಪ್ರಯಾಣಕ್ಕೆ ಐವತ್ತು ಸೆಂಟು ಮಾತ್ರ. ಹೋಗಿಬರಲು ಒಂದು ಡಾಲರು! ಅಲ್ಲಿ ಅಷ್ಟು ಹಣಕ್ಕೆ ಒಂದು ಲೋಟ ಚಹವೂ ಹುಟ್ಟುವುದಿಲ್ಲ.

ಮೊದಮೊದಲು ಆತ ದಂಡೆಯ ಮೇಲೆ ಬಾಡಿಗೆಗೆ ದೊರೆಯುವ ಮೆತ್ತನೆಯ ಹಲಗೆಯಲ್ಲಿ ಕಲಿತನು. ಬಾಡಿಗೆಯ ಲೆಕ್ಕ ಏರತೊಡಗಿದಾಗ, ಊರಿಗೆ ಹಿಂದಿರುಗುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬನಿಂದ ಹಳೆಯ ಹಲಗೆಯೊಂದನ್ನು ಕೊಂಡನು. ಆಗ ಗೊತ್ತಾಯಿತು, ಕಾರಿನ ಉಪಯೋಗ ಹಲಗೆ ಸಾಗಿಸುವುದಕ್ಕಿಂತ ಹೆಚ್ಚಿನದೆಂದು. ಕಾರು ಅಲೆಸವಾರನ ಬಟ್ಟೆ ಬದಲಿಸುವ ಕೋಣೆ, ಅವನ ಪೆಟ್ಟಿಗೆ, ಅವನ ಬುತ್ತಿಯ ಗೂಡು. ಕಾರಿಲ್ಲದವನು ನೀರಿಗಿಳಿಯುವಾಗ ಕೋಣೆಯ ಬೀಗದಕೈಯನ್ನು ಎಲ್ಲಿ ಇಡಬೇಕು? ಮರಳಲ್ಲಿ ಹುಗಿದಿಟ್ಟರೆ ಸಿಕ್ಕುವ ಭರವಸೆಯಿಲ್ಲ. ದಂಡೆಯ ಮೇಲಿಟ್ಟರೆ ಇರುವ ಭರವಸೆಯಿಲ್ಲ. ತಾಯಿ ಕಟ್ಟಿದ ಉಡಿದಾರ ಆ ದಿನ ಉಪಯೋಗಕ್ಕೆ ಬಂದಿತು. ಬೀಗದಕೈ ಸೊಂಟಕ್ಕೆ ಹತ್ತಿ ಕುಳಿತಿತು. ಬಟ್ಟೆ ಬದಲಿಸುವ ಸಮಸ್ಯೆಗೆ ಲುಂಗಿಯೇ ಪರಿಹಾರ. ಅಲ್ಲಿಯವರು ಈ ಕೆಲಸಕ್ಕೆಂದೇ ತಲೆಗವಸಿನ ದೊಡ್ಡ ಟವೆಲ್ ಹೊಲಿಸಿಕೊಂಡು ಪರದಾಡುತ್ತಿರುವಾಗ, ಬಾವಿಕಟ್ಟೆಯ ಮೇಲೆ ಲುಂಗಿಯ ಮರೆಯಲ್ಲಿ ಒದ್ದೆ ಬಿಚ್ಚಿ ಒಣದು ತೊಡುವ ನಮ್ಮ ವಿದ್ಯೆಯನ್ನು ಕಂಡು ಇಬ್ಬರು ಮುದುಕರು ಬೆರಗಾದರಂತೆ.

ಕಾರಿಲ್ಲದೆ ಅಲೆಯೇರಿದವರಲ್ಲಿ ಇವನೇನೂ ಮೊದಲಿಗನಲ್ಲ. ಈ ಆಟ ಅಮೆರಿಕದ ನೆಲಕ್ಕೆ ಬಂದುದೇ ಪರದೇಶಕ್ಕೆ ಓದಲು ಹೋದ ಹುಡುಗರಿಂದ. ಹವಾಯಿ ದ್ವೀಪಗಳ ರಾಜಮನೆತನದ ಮೂವರು ಸೋದರರು, ಡೇವಿಡ್ ಕವನನಕೋವಾ, ಎಡ್ವರ್ಡ್ ಕೆಲಿಇಯಹೊನುಯಿ ಮತ್ತು ಜೋನಾ ಕುಹಿಯೊ, ಕ್ಯಾಲಿಫೋರ್ನಿಯದ ಸ್ಯಾನ್ ಮಟೇಯೊದ ಒಂದು ಶಾಲೆಯಲ್ಲಿ ಓದುತ್ತಿದ್ದರು. 1885ರ ಜುಲೈಯಲ್ಲಿ ಸಾಂಟಾ ಕ್ರೂಜ್ ಎಂಬ ಊರಿನಲ್ಲಿ ಬಿಡುವಿನ ದಿನಗಳನ್ನು ಕಳೆಯುತ್ತಿದ್ದಾಗ ಸ್ಯಾನ್ ಲೊರೆಂಜೊ ನದಿಯ ಮುಖದಲ್ಲಿ ಅವರಿಗೆ ಮನೆಯ ಕಡಲಿನಂತಹ ಅಲೆ ಕಂಡಿತು. ಹಲಗೆ? ಅದನ್ನು ಅವರು ಹೊತ್ತು ತಂದಿರಲಿಲ್ಲ. ಅಲ್ಲಿನ ಕೆಂಪುಮರವನ್ನು ಸೀಳಿಸಿ, ತಮ್ಮ ನಾಡಿನ ಅಳತೆಗೆ ಕೊಯ್ಯಿಸಿ, ನೀರಿಗೆ ಇಳಿದರು. ಊರಿನವರು ದಂಡೆಯ ಮೇಲೆ ನಿಂತು ನೋಡಿದರು. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಹಕ್ಕುಪತ್ರ ಕೇಳಿದುದು 1886ರ ಜನವರಿಯಲ್ಲಿ. ಎಂದರೆ ಅಂದು ಲೋಕದಲ್ಲಿ ಯಾರ ಮನೆಯ ಮುಂದೆಯೂ ಕಾರು ನಿಂತಿರಲಿಲ್ಲ. ಐದು ವರ್ಷಗಳ ತರುವಾಯ, 1890ರಲ್ಲಿ, ಇಂಗ್ಲೆಂಡಿನಲ್ಲಿ ಓದುತ್ತಿದ್ದ ಡೇವಿಡ್ ಮತ್ತು ಕುಹಿಯೊ ತಮ್ಮ ಉಪಾಧ್ಯಾಯರೊಡನೆ ಯಾರ್ಕ್‌ಶೈರಿನ ಬ್ರಿಡ್ಲಿಂಗ್ಟನ್ನಿನ ಚಳಿನೀರಿನಲ್ಲಿಯೂ ಇದೇ ಆಟವಾಡಿದರು. ಅಷ್ಟು ಹೊತ್ತಿಗೆ ಎಡ್ವರ್ಡ್ ತೀರಿಕೊಂಡಿದ್ದನು. ಕಿರಿಯನಾದ ಕುಹಿಯೊ ಮುಂದೆ 1903ರಿಂದ 1922ರವರೆಗೆ ವಾಷಿಂಗ್ಟನ್ನಿನ ಶಾಸನಸಭೆಯಲ್ಲಿ ಹವಾಯಿಯ ಪ್ರತಿನಿಧಿಯಾಗಿ ಕುಳಿತನು. ದೇಶವನ್ನು ಬಿಟ್ಟು ದೂರ ಬಂದಿದ್ದ ರಾಜಕುಮಾರರಿಗೆ ಆ ಹಲಗೆಯ ಮೇಲಿನ ನಿಲುವೇ ತವರಿನ ನಿಲುವಾಗಿದ್ದಿತೆಂದು ಊಹಿಸಲು ಕಷ್ಟವಿಲ್ಲ. ಆದರೆ ಅವರು ಅಲೆಯ ಜೊತೆಗೇ ಬೆಳೆದವರು. ಮಾಸೂರಿನವನ ಮಾತು ಬೇರೆ.

ಟ್ರಾಮು ಇಳಿಸಿದ ಒಂದೇ ತೀರಕ್ಕೆ ಐದಾರು ತಿಂಗಳು ಬಿಡದೆ ಹೋದುದರಿಂದ ಆತನಿಗೆ ಆ ಮರಳಿನ ಗುಣ ತಿಳಿಯತೊಡಗಿತು. ಬೆಳಿಗ್ಗೆ ನೀರು ನಯವಾಗಿರುತ್ತದೆ. ನೆಲ ಕಾದಂತೆ ಕಡಲಿನ ಕಡೆಯಿಂದ ಗಾಳಿ ಎದ್ದು ಅಲೆಯ ಬೆನ್ನು ಒರಟಾಗುತ್ತದೆ. ಬೇಸಗೆಯ ಚಂಡಮಾರುತವೊಂದು ಉತ್ತರಕ್ಕೆ ಹಾದುಹೋದರೆ ಹಿಂದಿನ ವಾರದ ದಿಬ್ಬ ಈ ವಾರ ಇರುವುದಿಲ್ಲ. ಹತ್ತು ತೀರ ಸುತ್ತಿದವನಿಗೆ ಇಷ್ಟು ತಿಳಿಯಲು ಹೆಚ್ಚು ಕಾಲ ಬೇಕು. ಇದು ಬಡತನವನ್ನು ಹೊಗಳುವ ಮಾತಲ್ಲ. ಒಳ್ಳೆಯ ಅಲೆ ದಕ್ಷಿಣದಲ್ಲಿ ಏಳುತ್ತಿದ್ದ ದಿನಗಳಲ್ಲಿ ಇವನು ಸಿಕ್ಕಿದ ನೀರಿನಲ್ಲಿ ಹೊಡೆಸಿಕೊಳ್ಳುತ್ತಿದ್ದುದೂ ನಿಜವೇ.

ಆದರೆ ಆತನಿಗೆ ಗೊತ್ತಿಲ್ಲದ ಒಂದು ಸಂಗತಿ ಇದ್ದಿತು. ಕೆರೆಯಲ್ಲಿ ಈಸು ಕಲಿತವನು ಶಾಂತವಾದ ನೀರನ್ನು ನಂಬುತ್ತಾನೆ. ಕಡಲಿನಲ್ಲಿ ಅದು ತಿರುಗುಮುರುಗು. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲು ದಿಬ್ಬಗಳ ನಡುವೆ ಒಂದು ಕಾಲುವೆಯನ್ನು ಕೊರೆದುಕೊಳ್ಳುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ಅಲೆ ಮುರಿಯುವುದಿಲ್ಲ, ನೊರೆಯಿಲ್ಲ, ಸದ್ದಿಲ್ಲ. ನೋಡಲು ಮದಗದ ಕೆರೆಯ ಒಂದು ತುಂಡು. ಒಳಗೆ ಇಳಿದವನನ್ನು ಮಾತ್ರ ಒಳಗೊಳಗೇ ಸಮುದ್ರಕ್ಕೆ ಎಳೆದೊಯ್ಯುತ್ತದೆ. ಆಸ್ಟ್ರೇಲಿಯಾದ ದಂಡೆಗಳಲ್ಲಿ ಕೆಂಪು–ಹಳದಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆಯೇ ಈಸಬೇಕೆಂದು ಕಾವಲುಗಾರರು ಹೇಳುವುದು ಇದರಿಂದಲೇ. ಹಲಗೆಯವರು ಆ ಬಾವುಟಗಳ ಹೊರಗಿರಬೇಕು. ಮೇಲಾಗಿ ಇವನು ಹೋಗುತ್ತಿದ್ದುದು ಕಾವಲುಗಾರರು ಬರುವುದಕ್ಕೆ ಮೊದಲೇ, ಮೊದಲ ಟ್ರಾಮಿನಲ್ಲಿ, ಒಬ್ಬನೇ.

ಒಂದು ಮುಂಜಾನೆ ಅಲೆಗಳ ಹೊಡೆತ ಹೆಚ್ಚಾಗಿದ್ದುದನ್ನು ಕಂಡು, ಪಕ್ಕದಲ್ಲಿ ಕಂಡ ಶಾಂತವಾದ ಕಪ್ಪುಪಟ್ಟಿಯಲ್ಲಿ ಇಳಿದನು. ಹತ್ತು ನಿಮಿಷದಲ್ಲಿ ದಂಡೆಯ ಮನೆಗಳು ಕಿರಿದಾದವು. ದಂಡೆಯತ್ತ ಮುಖಮಾಡಿ ತೋಳು ಸೋಲುವವರೆಗೆ ನೀರು ತಳ್ಳಿದನು. ಇದ್ದಲ್ಲಿಂದ ಒಂದು ಮಾರೂ ಮುಂದೆ ಬರಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ನೆನಪಾದುದು ಪರೀಕ್ಷೆಯಲ್ಲ, ದೇವರೂ ಅಲ್ಲ, ಹೊಲದ ಉತಾರ. ದೂರದಲ್ಲಿ ಹಲಗೆಯ ಮೇಲೆ ಕುಳಿತಿದ್ದ ವಯಸ್ಸಾದವರೊಬ್ಬರು ಕೂಗಿ ಕೈಬೀಸಿದರು: ದಂಡೆಗಲ್ಲ, ಅಡ್ಡಕ್ಕೆ, ನೊರೆ ಇರುವ ಕಡೆಗೆ. ಹಲಗೆಯನ್ನು ಬಿಡದೆ, ದಂಡೆಗೆ ಸಮನಾಗಿ ಅಡ್ಡ ಸಾಗಿದಾಗ ಎಳೆತ ಸಡಿಲಾಯಿತು; ಅಷ್ಟು ಹೊತ್ತು ಹೆದರಿಸಿದ್ದ ಅಲೆಯೇ ಎತ್ತಿ ತಂದು ಮರಳಿನ ಮೇಲೆ ಹಾಕಿತು. ಇಳಿದ ಜಾಗಕ್ಕೂ ಎದ್ದ ಜಾಗಕ್ಕೂ ಅರ್ಧ ಮೈಲಿ. ಆ ದಿನ ಅಡಿಗೆಮನೆಗೆ ತಡವಾಗಿ ಹೋದನು.

ಸಂಜೆ ಊರಿಗೆ ಫೋನು ಮಾಡುವ ವಾರ. ಅಲೆಯಾಟದ ಸುದ್ದಿಯನ್ನು ಅಲ್ಲಿಯವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಸಾಲದಲ್ಲಿ ಓದುವವನಿಗೆ ಆಟ ಯಾಕೆ ಎಂದಾರೆಂಬ ಅಂಜಿಕೆ.

“ಯಾಕ ತಮ್ಮಾ, ದನಿ ಬಿದ್ದೈತಲ್ಲ?” ಎಂದರು ತಾಯಿ.

“ನೀರಾಗ ಇಳಿದಿದ್ದೆ ಅವ್ವಾ.”

“ಯಾವ ನೀರು?”

“ಸಮುದ್ರದ್ದು.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಬಳಿಕ, “ಜೋಡಿ ಯಾರಿದ್ರು?”

“ಯಾರೂ ಇರಲಿಲ್ಲ.”

“ಕೆರಿಗೆ ಒಬ್ಬನ ಹೋಗಬ್ಯಾಡ ಅಂತ ಸಣ್ಣಾವ ಇದ್ದಾಗ ಹೇಳಿದ್ದೆ. ದೊಡ್ಡ ನೀರಿಗೆ ಬ್ಯಾರೆ ಮಾತು ಐತೇನು?”

ಹೋಗಬೇಡವೆಂದು ಅವರು ಹೇಳಲಿಲ್ಲ. ಸಾಲದ ಮಾತನ್ನೂ ಎತ್ತಲಿಲ್ಲ. ಅದರಿಂದಾಗಿ ಮಾತು ಇನ್ನಷ್ಟು ನಾಟಿತು. ಆಮೇಲೆ ಆತ ಕಾವಲಿನ ಹೊತ್ತು ನೋಡಿಕೊಂಡು, ಕಾಲೇಜಿನ ನಾಲ್ಕೈದು ಜನರೊಡನೆ ಹೋಗತೊಡಗಿದನು. ಅವರಲ್ಲೊಬ್ಬನಿಗೆ ಹಳೆಯ ಕಾರಿದ್ದಿತು. ಪೆಟ್ರೋಲಿನ ಪಾಲು ಕೊಟ್ಟು ಕರಂಬಿನ್ನನ್ನೂ ಕಂಡಾಯಿತು. ಅಲ್ಲಿನ ಅಲೆ ಹೆಸರಿಗೆ ತಕ್ಕುದೇ. ನಿಂತವನನ್ನು ಬಹುದೂರ ಒಯ್ಯುತ್ತದೆ. ಯಾವಾಗ ಹೋಗಬೇಕು, ಯಾವಾಗ ಹೊರಡಬೇಕು ಎಂಬುದು ಮಾತ್ರ ಕಾರಿನವನ ಕೈಯಲ್ಲಿ. ಉಳಿದ ದಿನಗಳಿಗೆ ಟ್ರಾಮು ಇದ್ದೇ ಇದ್ದಿತು.

ನಮ್ಮ ಕರಾವಳಿಯಲ್ಲಿಯೂ ಈ ಆಟ ಬೇರುಬಿಟ್ಟಿದೆ ಎಂಬುದು ಅವನಿಗೆ ತಿಳಿದುದು ಪರದೇಶಕ್ಕೆ ಹೋದಮೇಲೆ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ಬಿನಲ್ಲಿ ತುಳುನಾಡಿನ ಹುಡುಗ ಹುಡುಗಿಯರು ಅಲೆಯೇರುವುದನ್ನು ಕಲಿತಿದ್ದಾರೆ. 2016ರಲ್ಲಿ ಸಸಿಹಿತ್ಲು ದಂಡೆಯಲ್ಲಿ ಇಂಡಿಯನ್ ಓಪನ್ ಪಂದ್ಯಗಳೇ ನಡೆದವು. ಮೂಲ್ಕಿಗೆ ಕೊಂಕಣ ರೈಲಿನ ನಿಲ್ದಾಣವೂ ಉಂಟು. ಪರದೇಶದ ನೀರಿಗೆ ಬೀಳುವ ಮೊದಲು ಅಲ್ಲಿ ಹದಿನೈದು ದಿನ ಕಲಿತು ಹೋಗುವುದು ಲೇಸೆಂದು ಅವನು ಈಗ ಕಿರಿಯರಿಗೆ ಹೇಳುತ್ತಾನೆ. ಹಲಗೆಯ ಉದ್ದಕ್ಕೆ ಟ್ರಾಮು ಬಸ್ಸುಗಳಲ್ಲಿ ಮಿತಿ ಏನೆಂದು ಮೊದಲೇ ವಿಚಾರಿಸಿ ಕೊಳ್ಳಬೇಕೆಂದೂ ಹೇಳುತ್ತಾನೆ; ಒಂದೂರಿನ ನಿಯಮ ಇನ್ನೊಂದೂರಿಗಿಲ್ಲ.

ರಜೆಗೆಂದು ಬಂದಾಗ ತಾಯಿಯನ್ನು ಕರೆದುಕೊಂಡು ಹೊರಟನು. ಶಿಕಾರಿಪುರ, ಸಾಗರ, ಗೇರುಸೊಪ್ಪೆಯ ಘಟ್ಟ, ಹೊನ್ನಾವರ, ಎಲ್ಲ ಬಸ್ಸಿನಲ್ಲಿಯೇ. ಕಾಸರಕೋಡಿನ ದಂಡೆಯಲ್ಲಿ ರೊಟ್ಟಿಬುತ್ತಿ ಬಿಚ್ಚಿ ಕುಳಿತ ಆ ತಾಯಿ ಕಡಲನ್ನು ನೋಡಿದುದು ಅದೇ ಮೊದಲು. ಬಹಳ ಹೊತ್ತು ನೋಡಿ, “ಇದು ಎತ್ತಾಗ ಹರೀತೈತೋ?” ಎಂದು ಕೇಳಿದರು.

ಆತ ನೊರೆಯಿಲ್ಲದ ಒಂದು ಕಪ್ಪುಪಟ್ಟಿಯನ್ನು ಬೆರಳಿಟ್ಟು ತೋರಿಸಿದನು. ಅವರು ಕೈ ಅಡ್ಡ ಹಿಡಿದು ದಂಡೆಯುದ್ದಕ್ಕೂ ಕಣ್ಣು ಹಾಯಿಸಿ, “ಅಲ್ಲೊಂದು ಐತಿ ನೋಡು,” ಎಂದು ಇನ್ನೊಂದನ್ನು ತೋರಿಸಿದರು. ಇದ್ದಿತು. ಸಾಗರದ ಬಸ್ಸಿಗೆ ಇನ್ನೂ ಒಂದು ಗಂಟೆ ಹೊತ್ತಿದ್ದುದರಿಂದ ಇಬ್ಬರೂ ಅಲ್ಲಿಯೇ ಕುಳಿತು ಉಳಿದ ರೊಟ್ಟಿಯನ್ನು ಮುಗಿಸಿದರು.